ಕೆಡೆಟ್ ಪೈಲಟ್ ಆಯ್ಕೆ: ಅರ್ಜಿಗೂ ಮುನ್ನ ಊರಿನಲ್ಲೇ ಆಗಬೇಕಾದ ಸಿದ್ಧತೆ

ರಾಜ್ಯದಲ್ಲಿ ವಿಮಾನ ನಿಲ್ದಾಣಗಳು ಹಳ್ಳಿಗಳಿಗೆ ಹತ್ತಿರವಾಗುತ್ತಿವೆ. ಕಲಬುರಗಿಯಲ್ಲಿ 2019ರಲ್ಲಿ, ಶಿವಮೊಗ್ಗದಲ್ಲಿ 2023ರಲ್ಲಿ ಹೊಸ ನಿಲ್ದಾಣಗಳು ಆರಂಭಗೊಂಡವು. ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಮಂಗಳೂರು ನಿಲ್ದಾಣಗಳ ಸುತ್ತಲೂ ಕೃಷಿಕರ ಊರುಗಳಿವೆ. ಹೊಲದ ಮೇಲೆ ಹಾದುಹೋಗುವ ವಿಮಾನವನ್ನು ತಲೆಯೆತ್ತಿ ನೋಡಿದ ಮಕ್ಕಳಲ್ಲಿ ಕೆಲವರಿಗಾದರೂ ಅದನ್ನು ತಾವೇ ನಡೆಸಬೇಕೆಂಬ ಆಸೆ ಹುಟ್ಟುವುದು ಸಹಜ. ಆ ಆಸೆ ಹೊತ್ತ ಮಗುವಿನ ತಂದೆತಾಯಿ ಮೊದಲು ವಿಚಾರಿಸುವುದು ಊರಿನ ಶಿಕ್ಷಕರನ್ನು, ಅನಂತರ ಪರಿಚಯದ ಪಂಚಾಯತಿ ಸದಸ್ಯರನ್ನು. ಸರಿಯಾದ ಉತ್ತರ ಅಲ್ಲಿ ದೊರೆಯದಿದ್ದರೆ ಅವರು ಮೊಬೈಲಿನಲ್ಲಿ ಕಂಡ ಜಾಹೀರಾತಿನ ಸಂಖ್ಯೆಗೆ ಕರೆ ಮಾಡುತ್ತಾರೆ. ಎಕರೆಗಟ್ಟಲೆ ಜಮೀನಿನ ಬೆಲೆಗೆ ಸಮನಾದ ಹಣದ ವ್ಯವಹಾರ ಇದಾದ್ದರಿಂದ, ಸದಸ್ಯರು ವಿಷಯವನ್ನು ಸ್ಥೂಲವಾಗಿಯಾದರೂ ಅರಿತಿರುವುದು ಅಗತ್ಯ.

ಕೆಡೆಟ್ ಪೈಲಟ್ ಯೋಜನೆಯೆಂದರೆ, ಹಾರಾಟದ ಅನುಭವವೇ ಇಲ್ಲದ ಯುವಕ ಯುವತಿಯರನ್ನು ವಿಮಾನಯಾನ ಸಂಸ್ಥೆಯೊಂದು ಮೊದಲೇ ಪರೀಕ್ಷಿಸಿ ಆರಿಸಿ, ತನ್ನದೇ ಅಥವಾ ತನ್ನ ಸಹಭಾಗಿ ತರಬೇತಿ ಶಾಲೆಯಲ್ಲಿ ಕಲಿಸಿ, ಪರವಾನಗಿ ದೊರೆತ ಮೇಲೆ ಸಹಪೈಲಟ್ ಹುದ್ದೆಗೆ ಪರಿಗಣಿಸುವ ಏರ್ಪಾಡು. ನಮ್ಮ ದೇಶದಲ್ಲಿ ಇಂಡಿಗೊ ಹಾಗೂ ಏರ್ ಇಂಡಿಯಾ ಸಂಸ್ಥೆಗಳು ಇಂಥ ಆಯ್ಕೆಗಳನ್ನು ನಡೆಸುತ್ತವೆ. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೂ ಇಂಡಿಗೊ 500 ವಿಮಾನಗಳಿಗೂ ಬೇಡಿಕೆ ಸಲ್ಲಿಸಿದ ಮೇಲೆ ಈ ಆಯ್ಕೆಗಳತ್ತ ಯುವಜನರ ಗಮನ ಮತ್ತಷ್ಟು ಹರಿಯಿತು.

ಇಲ್ಲಿ ಒಂದು ಪದದ ಬಗೆಗೆ ಎಚ್ಚರ ಅಗತ್ಯ. ಪಂಚಾಯತಿಯ ವ್ಯವಹಾರದಲ್ಲಿ 'ಯೋಜನೆ' ಎಂದೊಡನೆ ಫಲಾನುಭವಿಗಳ ಪಟ್ಟಿ, ಸಹಾಯಧನ, ಕಾಮಗಾರಿ ಇವೇ ನೆನಪಾಗುತ್ತವೆ. ಕೆಡೆಟ್ ಯೋಜನೆಯಲ್ಲಿ ಇವು ಯಾವುವೂ ಇಲ್ಲ. ಅದು ಖಾಸಗಿ ಸಂಸ್ಥೆಯ ಆಯ್ಕೆ ಕ್ರಮ. ಆಯ್ಕೆಯಾದವರು ಸಂಬಳ ಪಡೆಯುತ್ತ ಕಲಿಯುವುದಿಲ್ಲ. ಸಾಮಾನ್ಯವಾಗಿ ಒಂದು ಕೋಟಿ ರೂಪಾಯಿ ಆಸುಪಾಸಿನ ಅಥವಾ ಅದನ್ನೂ ಮೀರಿದ ಶುಲ್ಕವನ್ನು ತಾವೇ ಕಂತುಗಳಲ್ಲಿ ತೆರುತ್ತಾರೆ. ಆಯ್ಕೆಯ ಸಮಯದಲ್ಲಿ ಸಂಸ್ಥೆ ನೀಡುವ ಪತ್ರವೂ ಷರತ್ತುಬದ್ಧ. ತರಬೇತಿಯ ಪ್ರತಿ ಹಂತವನ್ನೂ ನಿಗದಿತ ಮಟ್ಟದಲ್ಲಿ ದಾಟಿದರೆ, ಆ ವೇಳೆಗೆ ಸಂಸ್ಥೆಗೆ ಪೈಲಟ್‌ಗಳ ಅಗತ್ಯವಿದ್ದರೆ, ಕೆಲಸ ದೊರೆಯುತ್ತದೆ. 'ಸೆಲೆಕ್ಷನ್ ಆಯಿತು' ಎಂದು ಊರಿನಲ್ಲಿ ಸಿಹಿ ಹಂಚಿದ ದಿನಕ್ಕೂ ನೇಮಕಾತಿ ಆದೇಶ ಕೈಸೇರುವ ದಿನಕ್ಕೂ ನಡುವೆ ಸುಮಾರು ಎರಡು ವರ್ಷಗಳ ದಾರಿಯಿದೆ. ಅದರ ಖರ್ಚು, ಅದರ ಅಪಾಯ ಎರಡೂ ಕುಟುಂಬದ ಮೇಲಿರುತ್ತವೆ.

ಈ ಕಾರಣದಿಂದ ಸಿದ್ಧತೆಯ ಕ್ರಮ ಬಹಳ ಮುಖ್ಯ. ಮೊದಲು ವಿಷಯಗಳ ಆಯ್ಕೆ, ಆಮೇಲೆ ವೈದ್ಯಕೀಯ ತಪಾಸಣೆ, ಆಮೇಲೆ ದಾಖಲೆ ಮತ್ತು ಪರೀಕ್ಷೆ, ಕಡೆಗೆ ಹಣ. ಬಹುತೇಕ ಕುಟುಂಬಗಳಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ. ಮುಂಗಡ ಕಟ್ಟಿದ ಮೇಲೆ ಕಣ್ಣಿನ ದೋಷ ತಿಳಿಯುತ್ತದೆ.

ಹತ್ತನೆಯ ತರಗತಿಯ ಕವಲು

ವಾಣಿಜ್ಯ ಪೈಲಟ್ ಪರವಾನಗಿಯನ್ನು ನೀಡುವುದು ಡಿಜಿಸಿಎ ಎಂದೇ ಪರಿಚಿತವಾದ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅದರ ನಿಯಮದಂತೆ ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು. ಭೌತಶಾಸ್ತ್ರ ಮತ್ತು ಗಣಿತವನ್ನು ಓದಿ ಹನ್ನೆರಡನೆಯ ತರಗತಿಯಲ್ಲಿ ಉತ್ತೀರ್ಣರಾಗಿರಬೇಕು. ವಿಮಾನಯಾನ ಸಂಸ್ಥೆಗಳು ಇದರ ಮೇಲೆ ತಮ್ಮದೇ ಷರತ್ತುಗಳನ್ನು ಸೇರಿಸುತ್ತವೆ: ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಮೂರರಲ್ಲೂ ಅರ್ಧಕ್ಕಿಂತ ಹೆಚ್ಚು ಅಂಕ, ವಯಸ್ಸಿನ ಮೇಲ್ಮಿತಿ, ಕೆಲವೊಮ್ಮೆ ಕನಿಷ್ಠ ಎತ್ತರ. ಈ ಅಂಶಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಹಿಂದಿನ ವರ್ಷದ ಮಾಹಿತಿಯನ್ನು ನಂಬಿ ಕೂರುವುದು ಸಲ್ಲದು.

ಪಿಯುಸಿಯಲ್ಲಿ ಕಲೆ ಅಥವಾ ವಾಣಿಜ್ಯ ವಿಭಾಗಕ್ಕೆ ಸೇರಿದ ವಿದ್ಯಾರ್ಥಿಗೆ ಈ ಬಾಗಿಲು ಸಂಪೂರ್ಣ ಮುಚ್ಚುವುದಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಭೌತಶಾಸ್ತ್ರ, ಗಣಿತಗಳನ್ನು ಪ್ರತ್ಯೇಕವಾಗಿ ಬರೆದು ಉತ್ತೀರ್ಣರಾಗಲು ಅವಕಾಶವಿದೆ. ಈ ನಿಯಮವನ್ನೇ ಸಡಿಲಿಸುವ ಬಗ್ಗೆ ಚರ್ಚೆಗಳೂ ನಡೆದಿವೆ. ಆದರೂ ನಿಯಮ ಸಡಿಲವಾದೀತೆಂಬ ಭರವಸೆಯ ಮೇಲೆ ಮಗುವಿನ ಓದನ್ನು ನಿರ್ಧರಿಸುವುದು ಜಾಣತನವಲ್ಲ. ಆಯ್ಕೆ ಪರೀಕ್ಷೆಯೂ, ಆಮೇಲಿನ ಪಠ್ಯವೂ ಇವೇ ಎರಡು ವಿಷಯಗಳ ಮೇಲೆ ನಿಂತಿವೆ. ಮಕ್ಕಳ ಗ್ರಾಮಸಭೆಯಲ್ಲಾಗಲಿ, ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಾಗಲಿ ಈ ಒಂದು ಮಾತನ್ನು ಒಂಬತ್ತು ಹತ್ತನೆಯ ತರಗತಿಯ ಮಕ್ಕಳಿಗೆ ತಿಳಿಸಿದರೆ ಅನೇಕರ ಎರಡು ವರ್ಷ ಉಳಿಯುತ್ತದೆ. ಮುಖ್ಯವಾಗಿ ಹೆಣ್ಣುಮಕ್ಕಳಿಗೆ ತಿಳಿಸಬೇಕು. ಭಾರತದ ಪೈಲಟ್‌ಗಳಲ್ಲಿ ಮಹಿಳೆಯರ ಪ್ರಮಾಣ ಶೇ. 15ರಷ್ಟಿದ್ದು, ಜಗತ್ತಿನ ಸರಾಸರಿಗೆ ಹೋಲಿಸಿದರೆ ಇದು ಬಹಳ ಹೆಚ್ಚು. 'ಹುಡುಗಿಗೇಕೆ ಈ ಉಸಾಬರಿ' ಎನ್ನುವವರಿಗೆ ಈ ಅಂಕಿಯೇ ಉತ್ತರ.

ಮೊದಲು ಕಣ್ಣು, ಆಮೇಲೆ ಕನಸು

ವೈದ್ಯಕೀಯ ಅರ್ಹತೆಯಲ್ಲಿ ಎರಡು ಮೆಟ್ಟಿಲುಗಳಿವೆ. ಎರಡನೆಯ ದರ್ಜೆಯ ತಪಾಸಣೆಯನ್ನು ಡಿಜಿಸಿಎ ಮಾನ್ಯತೆ ಪಡೆದ ವೈದ್ಯರು ನಡೆಸುತ್ತಾರೆ. ತರಬೇತಿ ಆರಂಭಿಸಲು ಅದು ಸಾಕು. ವಾಣಿಜ್ಯ ಪರವಾನಗಿಗೆ ಮೊದಲ ದರ್ಜೆಯ ತಪಾಸಣೆ ಕಡ್ಡಾಯ. ಈ ತಪಾಸಣೆ ನಡೆಸುವ ದೇಶದ ಪ್ರಮುಖ ಕೇಂದ್ರಗಳಲ್ಲೊಂದಾದ ಭಾರತೀಯ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಕಣ್ಣು, ಕಿವಿ, ಹೃದಯ, ರಕ್ತ, ಎದೆಯ ಕ್ಷಕಿರಣ, ತೂಕ ಎಲ್ಲವನ್ನೂ ಅಲ್ಲಿ ಪರಿಶೀಲಿಸಲಾಗುತ್ತದೆ.

ಕನ್ನಡಕ ಧರಿಸಿದವರು ಪೈಲಟ್ ಆಗಲಾರರೆಂಬ ನಂಬಿಕೆ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ಇದು ಸರಿಯಲ್ಲ. ಕನ್ನಡಕದಿಂದ ದೃಷ್ಟಿ ನಿಗದಿತ ಮಟ್ಟಕ್ಕೆ ಸರಿಹೋಗುವುದಾದರೆ ಅಡ್ಡಿಯಿಲ್ಲ. ನಿಜವಾದ ತೊಡಕು ಬಣ್ಣಗುರುಡು. ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣದವರು ತಮಗೆ ಅಂಥ ದೋಷವಿದೆಯೆಂಬುದನ್ನೇ ಅರಿಯದೆ ಇಪ್ಪತ್ತು ವರ್ಷ ಕಳೆದಿರಬಹುದು. ದಿನನಿತ್ಯದ ಬದುಕಿಗೆ ಅದು ಅಡ್ಡ ಬರುವುದಿಲ್ಲ. ಹುಟ್ಟಿನಿಂದಲೇ ಬರುವ ಈ ದೋಷ ಗಂಡುಮಕ್ಕಳಲ್ಲಿ ಹೆಚ್ಚು, ಅದಕ್ಕೆ ಚಿಕಿತ್ಸೆಯಿಲ್ಲ. ಚುಕ್ಕಿಗಳ ನಡುವೆ ಅಡಗಿದ ಅಂಕಿಯನ್ನು ಗುರುತಿಸುವ ಇಷಿಹಾರಾ ಪುಸ್ತಕದ ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ತಾಲ್ಲೂಕು ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಇದನ್ನು ವಿಚಾರಿಸಬಹುದು. ಈ ಕೆಲವು ನಿಮಿಷಗಳ ಪರೀಕ್ಷೆಯನ್ನು ಹತ್ತನೆಯ ತರಗತಿಯಲ್ಲೇ ಮಾಡಿಸಿದ್ದರೆ ಉಳಿಯಬಹುದಾಗಿದ್ದ ಹಣವನ್ನು ನೆನೆದರೆ ಇದಕ್ಕಿಂತ ಅಗ್ಗದ ಮುನ್ನೆಚ್ಚರಿಕೆ ಮತ್ತೊಂದಿಲ್ಲ.

ಕೆಲವು ಕೊರತೆಗಳು ತಾತ್ಕಾಲಿಕ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಅಥವಾ ತೂಕ ಮಿತಿ ಮೀರಿದ್ದರೆ 'ಸದ್ಯಕ್ಕೆ ಅನರ್ಹ' ಎಂದು ಬರೆದು ಮರುಪರೀಕ್ಷೆಗೆ ಅವಕಾಶ ನೀಡಲಾಗುತ್ತದೆ. ಗ್ರಾಮೀಣ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯವಾಗಿರುವುದರಿಂದ ಆಶಾ ಕಾರ್ಯಕರ್ತೆಯರ ಮೂಲಕ ಮೊದಲೇ ಗಮನ ಹರಿಸುವುದು ಒಳಿತು. ಕಣ್ಣಿನ ಲೇಸರ್ ಶಸ್ತ್ರಚಿಕಿತ್ಸೆಯನ್ನು ಮಾತ್ರ ಮಾನ್ಯತೆ ಪಡೆದ ವೈದ್ಯರ ಸಲಹೆ ಪಡೆಯದೆ ಮಾಡಿಸಕೂಡದು.

ಯಾವ ಶಾಲೆಯೇ ಇರಲಿ, ಯಾವ ಸಂಸ್ಥೆಯೇ ಇರಲಿ, ಮೊದಲ ದರ್ಜೆಯ ವೈದ್ಯಕೀಯ ಫಲಿತಾಂಶ ಕೈಗೆ ಬರುವವರೆಗೆ ದೊಡ್ಡ ಮೊತ್ತವನ್ನು ಕಟ್ಟಬಾರದು. ಕುಟುಂಬಕ್ಕೆ ಸದಸ್ಯರು ಒಂದೇ ಸಲಹೆ ನೀಡಲು ಸಾಧ್ಯವಾದರೆ ಅದು ಇದೇ ಆಗಿರಲಿ.

ಇನಿಶಿಯಲ್ ತರುವ ತೊಂದರೆ

ಅರ್ಜಿಯ ಹಂತದಲ್ಲಿ ಕರ್ನಾಟಕದ ಅಭ್ಯರ್ಥಿಗಳನ್ನು ಕಾಡುವ ಸಮಸ್ಯೆಯೊಂದಿದೆ. ನಮ್ಮಲ್ಲಿ ಹೆಸರಿನ ಜೊತೆಗೆ ಊರಿನದೋ ತಂದೆಯದೋ ಮೊದಲಕ್ಷರ ಬರೆಯುವ ರೂಢಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಕ್ಷರ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಅಕ್ಷರ ವಿಸ್ತಾರಗೊಂಡು ಉಪನಾಮ. ಒಬ್ಬನೇ ಹುಡುಗ ಮೂರು ದಾಖಲೆಗಳಲ್ಲಿ ಮೂವರಾಗಿ ಕಾಣುತ್ತಾನೆ. ಡಿಜಿಸಿಎ ಪರೀಕ್ಷೆಗೆ ಕೂರಲು ಪಡೆಯಬೇಕಾದ ಕಂಪ್ಯೂಟರ್ ಸಂಖ್ಯೆಗೂ, ಆಮೇಲಿನ ಪರವಾನಗಿಗೂ ಶಾಲಾ ದಾಖಲೆಗಳ ಪರಿಶೀಲನೆ ನಡೆಯುತ್ತದೆ. ಅಲ್ಲಿ ಹೆಸರು, ಜನ್ಮ ದಿನಾಂಕ ಹೊಂದದಿದ್ದರೆ ಕಡತ ಹಿಂದಿರುಗುತ್ತದೆ, ತಿಂಗಳುಗಳು ಕಳೆಯುತ್ತವೆ.

ಇದಕ್ಕೆ ಪರಿಹಾರ ಕಷ್ಟವಲ್ಲ, ಆದರೆ ಬೇಗ ಆಗಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಾಯಿಸುವ ವೇಳೆಯಲ್ಲೇ ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲಾತಿ ಮೂರನ್ನೂ ಎದುರಿಗಿಟ್ಟುಕೊಂಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ತಾಳೆ ನೋಡುವಂತೆ ಪೋಷಕರಿಗೆ ತಿಳಿಸಬೇಕು. ಅಂಕಪಟ್ಟಿ ಮುದ್ರಣವಾದ ಮೇಲಿನ ತಿದ್ದುಪಡಿ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಲಿಗೆ ಹೋಗಬೇಕಾಗುತ್ತದೆ. ಪೈಲಟ್ ಆಗದ ಮಕ್ಕಳಿಗೂ ಈ ಎಚ್ಚರ ಮುಂದೆ ಉಪಯೋಗಕ್ಕೆ ಬಂದೇ ಬರುತ್ತದೆ.

ಆಯ್ಕೆ ಪರೀಕ್ಷೆಯಲ್ಲಿ ಅಳೆಯುವುದೇನು?

ಸಂಸ್ಥೆಯಿಂದ ಸಂಸ್ಥೆಗೆ ಕ್ರಮ ಬದಲಾದರೂ ಆಯ್ಕೆಯಲ್ಲಿ ಸಾಮಾನ್ಯವಾಗಿ ಗಣಿತ, ಭೌತಶಾಸ್ತ್ರ, ಇಂಗ್ಲಿಷ್‌ಗಳ ಲಿಖಿತ ಪರೀಕ್ಷೆ, ಕಂಪ್ಯೂಟರಿನ ಮೇಲೆ ನಡೆಯುವ ಅಭಿಯೋಗ್ಯತಾ ಪರೀಕ್ಷೆ, ಸ್ವಭಾವ ಅರಿಯುವ ಪ್ರಶ್ನಾವಳಿ, ಗುಂಪು ಚರ್ಚೆ ಮತ್ತು ಸಂದರ್ಶನ ಇರುತ್ತವೆ.

ಗಣಿತದ ಮಟ್ಟ ಪಿಯುಸಿಯನ್ನು ಮೀರುವುದಿಲ್ಲ. ಆದರೆ ಸಮಯ ಕಡಿಮೆ, ಕೈಯಲ್ಲಿ ಕ್ಯಾಲ್ಕ್ಯುಲೇಟರ್ ಇರುವುದಿಲ್ಲ. 120 ನಾಟ್ ವೇಗದ ವಿಮಾನ 180 ನಾಟಿಕಲ್ ಮೈಲಿ ಸಾಗಲು ಎಷ್ಟು ಹೊತ್ತು? ಗಂಟೆಗೆ 40 ಲೀಟರ್ ಇಂಧನ ವ್ಯಯವಾದರೆ ಒಟ್ಟು ಎಷ್ಟು ಬೇಕು? ಒಂದೂವರೆ ಗಂಟೆ, 60 ಲೀಟರ್. ಕಾಗದದ ಮೇಲೆ ಯಾರೂ ಮಾಡಬಲ್ಲ ಲೆಕ್ಕವಿದು. ಬಾಯಿಯಲ್ಲೇ, ಕೆಲವು ಸೆಕೆಂಡುಗಳಲ್ಲಿ ಮಾಡಬೇಕೆಂಬುದೇ ಪರೀಕ್ಷೆ. ಸಂತೆಯಲ್ಲಿ ಕೂತು ಅರ್ಧ ಕಿಲೊ, ಕಾಲು ಕಿಲೊ ಲೆಕ್ಕವನ್ನು ಮನಸ್ಸಿನಲ್ಲೇ ಹಾಕುವ ಮಕ್ಕಳಿಗೆ ಈ ಚಳಕ ಸುಲಭವಾಗಿ ಒಲಿಯುತ್ತದೆ. ಮಗ್ಗಿಯನ್ನು ಮರೆತವರು ಮತ್ತೆ ಬಾಯಿಪಾಠ ಮಾಡಬೇಕು, ಬೇರೆ ದಾರಿಯಿಲ್ಲ. ದೂರಕ್ಕೆ ನಾಟಿಕಲ್ ಮೈಲಿ, ಎತ್ತರಕ್ಕೆ ಅಡಿ ಎಂಬ ಅಳತೆಗಳಿಗೂ ಒಗ್ಗಿಕೊಳ್ಳಬೇಕು. ಒಂದು ನಾಟಿಕಲ್ ಮೈಲಿಯೆಂದರೆ 1.852 ಕಿಲೋಮೀಟರ್.

ದಿಕ್ಕಿನ ಅರಿವು ಇನ್ನೊಂದು ಅಂಶ. ವಿಮಾನದ ದಿಕ್ಕನ್ನು ಉತ್ತರದಿಂದ ಆರಂಭಿಸಿ 360 ಡಿಗ್ರಿಗಳಲ್ಲಿ ಹೇಳುತ್ತಾರೆ. ಪೂರ್ವ 90, ದಕ್ಷಿಣ 180, ಪಶ್ಚಿಮ 270. ರನ್‌ವೇಗೆ ಇಡುವ ಸಂಖ್ಯೆಯೂ ಇದರಿಂದಲೇ ಬಂದದ್ದು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇಗಳ ಒಂದು ತುದಿಗೆ 09, ಮತ್ತೊಂದು ತುದಿಗೆ 27 ಎಂಬ ಗುರುತಿದೆ. ಪೂರ್ವಕ್ಕೆ ಮುಖಮಾಡಿ ಏರುವ ವಿಮಾನಕ್ಕೆ ಅದು 09, ಪಶ್ಚಿಮಕ್ಕೆ ಮುಖಮಾಡಿದರೆ ಅದೇ ಪಟ್ಟಿ 27. ಒಂದು ದಿಕ್ಕಿನ ಎದುರು ದಿಕ್ಕನ್ನು ತಟ್ಟನೆ ಹೇಳಬೇಕಾದರೆ 180 ಕೂಡಿಸಬೇಕು ಇಲ್ಲವೆ ಕಳೆಯಬೇಕು. 70ರ ಎದುರು 250. ಪರೀಕ್ಷೆಯಲ್ಲಿ ಉಪಕರಣಗಳ ಚಿತ್ರ ತೋರಿಸಿ ವಿಮಾನ ಯಾವ ಕಡೆಗೆ ವಾಲಿದೆ, ಯಾವ ಕಡೆಗೆ ಮುಖ ಮಾಡಿದೆ ಎಂದು ಕೇಳುತ್ತಾರೆ. ಗಾಳಿಯ ಪ್ರಶ್ನೆಗಳೂ ಬರುತ್ತವೆ. ತುಂಬಿದ ಹೊಳೆಯಲ್ಲಿ ಎದುರು ದಡದ ಕಲ್ಲಿಗೆ ಮುಟ್ಟಬೇಕಾದ ಅಂಬಿಗ ಹರಿಗೋಲನ್ನು ನೇರವಾಗಿ ನಡೆಸುವುದಿಲ್ಲ, ಸೆಳವಿಗೆ ಎದುರಾಗಿ ಓರೆಗೆ ತಿರುಗಿಸುತ್ತಾನೆ. ಅಡ್ಡಗಾಳಿಯಲ್ಲಿ ಪೈಲಟ್ ಮಾಡುವುದೂ ಅದನ್ನೇ, ಎಷ್ಟು ಓರೆ ಎಂಬುದನ್ನು ಡಿಗ್ರಿಯಲ್ಲಿ ಹೇಳುತ್ತಾನೆ, ಅಷ್ಟೇ.

ಅಭಿಯೋಗ್ಯತಾ ಪರೀಕ್ಷೆಯ ಕಠಿಣ ಭಾಗವೆಂದರೆ ಏಕಕಾಲಕ್ಕೆ ಹಲವು ಕೆಲಸ ಮಾಡುವುದು. ಪರದೆಯ ಮೇಲೆ ಅಲೆದಾಡುವ ಚುಕ್ಕಿಯೊಂದನ್ನು ಜಾಯ್‌ಸ್ಟಿಕ್‌ನಿಂದ ನಡುವಿನಲ್ಲಿ ಹಿಡಿದಿಡಬೇಕು. ಅದೇ ವೇಳೆಗೆ ಕಿವಿಗೆ ಬೀಳುವ ಅಂಕಿಗಳನ್ನು ನೆನಪಿಡಬೇಕು. ನಡುನಡುವೆ ಸಣ್ಣ ಲೆಕ್ಕಕ್ಕೆ ಉತ್ತರಿಸಬೇಕು. ಇದರಲ್ಲಿ ಹಳ್ಳಿಯ ಅಭ್ಯರ್ಥಿ ಸೋಲುವುದು ಬುದ್ಧಿಯ ಕೊರತೆಯಿಂದಲ್ಲ. ಜಾಯ್‌ಸ್ಟಿಕ್ಕನ್ನು ಪರೀಕ್ಷೆಯ ದಿನವೇ ಮೊದಲ ಬಾರಿಗೆ ಮುಟ್ಟುವುದರಿಂದ ಸೋಲುತ್ತಾರೆ. ಕಂಪ್ಯೂಟರಿಗೆ ಜೋಡಿಸುವ ಸಾಧಾರಣ ಜಾಯ್‌ಸ್ಟಿಕ್ ದುಬಾರಿಯೇನಲ್ಲ. ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಎರಡು ಮೂರು ತಿಂಗಳು ದಿನಕ್ಕೆ ಅರ್ಧ ಗಂಟೆಯ ಅಭ್ಯಾಸಕ್ಕೆ ಅನುವು ಮಾಡಿಕೊಡಬಹುದು. ನೋಡುವವರಿಗೆ ಅದು ಆಟವಾಡುವಂತೆ ಕಂಡೀತು. ಗ್ರಂಥಾಲಯ ಮೇಲ್ವಿಚಾರಕರಿಗೆ ಮೊದಲೇ ತಿಳಿಸಿಡುವುದು ಮೇಲು.

ಸ್ವಭಾವದ ಪ್ರಶ್ನಾವಳಿಗೆ ಅಭ್ಯಾಸ ಬೇಡ. ಒಂದೇ ಅಂಶವನ್ನು ಬೇರೆ ಬೇರೆ ಮಾತುಗಳಲ್ಲಿ ಹಲವು ಬಾರಿ ಕೇಳಲಾಗುತ್ತದೆ. ಮೆಚ್ಚಿಸಲು ಬರೆದ ಉತ್ತರಗಳು ಒಂದಕ್ಕೊಂದು ಹೊಂದದೆ ಬಯಲಾಗುತ್ತವೆ. ಗುಂಪು ಚರ್ಚೆಯಲ್ಲಿ ಹೆಚ್ಚು ಮಾತನಾಡಿದವರಿಗೆ ಹೆಚ್ಚು ಅಂಕವೆಂಬುದೂ ತಪ್ಪು ತಿಳಿವಳಿಕೆ. ವಿಮಾನದ ಮುಂದಿನ ಕೋಣೆಯಲ್ಲಿ ಇಬ್ಬರು ಕೂಡಿ ನಿರ್ಧರಿಸಬೇಕಾಗಿರುತ್ತದೆ. ಇನ್ನೊಬ್ಬರ ಮಾತು ಕೇಳಿ, ತಪ್ಪು ಕಂಡರೆ ವಿನಯದಿಂದಲೂ ದೃಢವಾಗಿಯೂ ಹೇಳುವ ಗುಣವನ್ನು ಪರೀಕ್ಷಕರು ಹುಡುಕುತ್ತಾರೆ. ಹಿರಿಯರೆದುರು ಬಾಯಿ ತೆರೆಯದಿರುವುದೇ ಮರ್ಯಾದೆಯೆಂದು ಬೆಳೆದ ಮಕ್ಕಳಿಗೆ ಇದು ಸುಲಭವಲ್ಲ. ವಾರ್ಡ್ ಸಭೆಯಲ್ಲಿ ಯುವಜನರಿಗೆ ಎದ್ದು ಮಾತನಾಡಲು ಅವಕಾಶವಿರುವ ಊರುಗಳಿಂದ ಬಂದವರಿಗೆ ಇಲ್ಲಿ ಅನುಕೂಲವಿದೆ.

ಇಂಗ್ಲಿಷಿನ ಭಯ ಹೆಚ್ಚಿನವರದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯು ಪೈಲಟ್‌ಗಳಿಗೆ ಆರು ಮಟ್ಟಗಳ ಭಾಷಾ ಅಳತೆಗೋಲಿನಲ್ಲಿ ಕನಿಷ್ಠ ನಾಲ್ಕನೆಯ ಮಟ್ಟವನ್ನು ನಿಗದಿಪಡಿಸಿದೆ. ಉಚ್ಚಾರಣೆಯಲ್ಲಿ ಕನ್ನಡದ ಛಾಯೆ ಇದ್ದರೆ ದೋಷವಲ್ಲ. ಹೇಳಿದ್ದು ಸ್ಪಷ್ಟವಾಗಿ ಅರ್ಥವಾಗಬೇಕು, ಕೇಳಿದ್ದು ತಿಳಿಯಬೇಕು. ಸಂದರ್ಶನಕ್ಕೆ ಕೋಚಿಂಗ್ ಕೇಂದ್ರದಲ್ಲಿ ಬಾಯಿಪಾಠ ಮಾಡಿದ ಉತ್ತರಗಳಿಗಿಂತ, ತಂದೆಯ ಟ್ರ್ಯಾಕ್ಟರ್ ಕೆಟ್ಟಾಗ ದೋಷವನ್ನು ಹೇಗೆ ಕ್ರಮವಾಗಿ ಹುಡುಕಿದೆ ಎಂಬುದನ್ನು ಸರಳ ಇಂಗ್ಲಿಷಿನಲ್ಲಿ ಹೇಳಬಲ್ಲ ಅಭ್ಯರ್ಥಿಯ ಮಾತಿಗೆ ತೂಕ ಹೆಚ್ಚು. ಜೊತೆಗೆ ಆ ಸಂಸ್ಥೆ ಯಾವ ವಿಮಾನಗಳನ್ನು ಹಾರಿಸುತ್ತದೆ, ಎಲ್ಲೆಲ್ಲಿಗೆ ಹೋಗುತ್ತದೆ ಎಂಬ ತಿಳಿವಳಿಕೆ ಇರಬೇಕು.

ಆಯ್ಕೆಯ ನಂತರದ ದಾರಿಯನ್ನೂ ಕುಟುಂಬ ಮೊದಲೇ ಅರಿತಿರಬೇಕು. ವಾಯುಯಾನ ಮಾರ್ಗದರ್ಶನ, ಹವಾಮಾನ, ವಿಮಾನಯಾನ ನಿಯಮಗಳು, ತಾಂತ್ರಿಕ ವಿಷಯಗಳಲ್ಲಿ ಡಿಜಿಸಿಎ ನಡೆಸುವ ಪರೀಕ್ಷೆಗಳಲ್ಲಿ ಶೇ. 70 ಅಂಕ ಪಡೆದರೆ ಮಾತ್ರ ಉತ್ತೀರ್ಣ. ರೇಡಿಯೊ ಸಂವಹನದ ಪರವಾನಗಿ ಬೇರೆ. ಹಾರಾಟ ಒಟ್ಟು 200 ಗಂಟೆ. ಅದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿಸಿರಬೇಕು, ಒಂದು ಬಾರಿಯಾದರೂ 300 ನಾಟಿಕಲ್ ಮೈಲಿಗೆ, ಎಂದರೆ ಸುಮಾರು 555 ಕಿಲೋಮೀಟರಿಗೆ ಕಡಿಮೆಯಿಲ್ಲದ ಪಯಣ ಮುಗಿಸಿರಬೇಕು. ಅದಾದ ಮೇಲೆ ಏರ್‌ಬಸ್ 320ರಂಥ ದೊಡ್ಡ ವಿಮಾನಕ್ಕೆ ಪ್ರತ್ಯೇಕ ತರಬೇತಿ.

ಕೋಟಿಯ ಲೆಕ್ಕ

ಶಿಕ್ಷಣ ಸಾಲದ ಮಾದರಿ ನಿಯಮಗಳಂತೆ ಏಳೂವರೆ ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಬ್ಯಾಂಕುಗಳು ಸ್ಥಿರಾಸ್ತಿಯಂಥ ಭದ್ರತೆ ಕೇಳುತ್ತವೆ. ಹಳ್ಳಿಯ ಕುಟುಂಬ ತೋರಿಸುವುದು ಹೊಲದ ಪಹಣಿ. ಆದರೆ ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದ ಕಾರಣ, ಶಿಕ್ಷಣ ಸಾಲಕ್ಕೆ ಅದನ್ನು ಭದ್ರತೆಯಾಗಿ ಪಡೆಯಲು ಅವು ಹಿಂದೇಟು ಹಾಕುತ್ತವೆ. ಆಗ ಉಳಿಯುವುದು ಊರೊಳಗಿನ ಮನೆ, ನಿವೇಶನ. ಗ್ರಾಮ ಪಂಚಾಯತಿಯ ಪಾತ್ರ ನೇರವಾಗಿ ಬರುವುದು ಇಲ್ಲೇ. ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ ಇಲ್ಲದ ಮನೆಯನ್ನು ಬ್ಯಾಂಕು ಅಡಮಾನಕ್ಕೆ ಒಪ್ಪುವುದು ದುರ್ಲಭ; ನಮೂನೆ 11ಬಿ ಇರುವ ಆಸ್ತಿಗೂ ಬಹುತೇಕ ತೊಡಕೇ. ಅಜ್ಜನ ಹೆಸರಿನಲ್ಲೇ ಉಳಿದ ಖಾತೆ, ಅಳತೆಯ ವ್ಯತ್ಯಾಸ, ಬಾಕಿ ಉಳಿದ ಕಂದಾಯ ಇವೆಲ್ಲ ಪ್ರವೇಶದ ಕಡೆಯ ದಿನಾಂಕ ಹತ್ತಿರವಾದಾಗ ಬೆಳಕಿಗೆ ಬರುತ್ತವೆ. ಮಗು ಪಿಯುಸಿಗೆ ಸೇರಿದ ವರ್ಷವೇ ಖಾತೆ ಸರಿಪಡಿಸಿಕೊಳ್ಳುವಂತೆ ತಿಳಿಸಿದರೆ ಎರಡು ವರ್ಷ ಕೈಯಲ್ಲಿರುತ್ತದೆ.

ಸಾಲ ದೊರೆಯುವುದು ಒಂದು ಮಾತು, ತೀರಿಸುವುದು ಮತ್ತೊಂದು. 80 ಲಕ್ಷ ರೂಪಾಯಿ ಸಾಲ, ಶೇ. 11 ಬಡ್ಡಿ, 15 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 91 ಸಾವಿರ ರೂಪಾಯಿ. ತರಬೇತಿಯ ಅವಧಿಯಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಸಹಪೈಲಟ್ ಹುದ್ದೆ ದೊರೆತವರಿಗೆ ಇದು ಹೊರಲಾಗದ ಹೊರೆಯಲ್ಲ. ದೊರೆಯದವರಿಗೆ ಮನೆಯೇ ಹೋಗುತ್ತದೆ. ವಿಮಾನಯಾನ ಉದ್ಯಮದ ಏರಿಳಿತವೂ ತೀವ್ರ. ಬೆಂಗಳೂರಿನ ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ಪ್ರತಿ ಬಾರಿಯೂ ಅನುಭವಿ ಪೈಲಟ್‌ಗಳೇ ಕೆಲಸ ಹುಡುಕುತ್ತ ಹೊರಬಂದರು. ಹೊಸದಾಗಿ ಪರವಾನಗಿ ಪಡೆದವರು ಅವರ ಹಿಂದೆ ಸರದಿಯಲ್ಲಿ ನಿಲ್ಲಬೇಕಾಯಿತು. ಹೊಸ ವಿಮಾನಗಳ ಬೇಡಿಕೆಯ ಸುದ್ದಿಯನ್ನು ಓದುವಾಗ ಈ ಮೂರು ಇಸವಿಗಳನ್ನೂ ಪಕ್ಕದಲ್ಲಿಟ್ಟು ಓದಬೇಕು.

ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕುಟುಂಬವು ಲಿಖಿತವಾಗಿ ಕೇಳಿ ಪಡೆಯಬೇಕಾದ ಉತ್ತರಗಳಿವೆ. ನಡುವೆ ವೈದ್ಯಕೀಯವಾಗಿ ಅನರ್ಹಗೊಂಡರೆ ಅಥವಾ ಪರೀಕ್ಷೆಯಲ್ಲಿ ಸೋತರೆ ಕಟ್ಟಿದ ಹಣದಲ್ಲಿ ಎಷ್ಟು ಹಿಂದಿರುಗುತ್ತದೆ? ತರಬೇತಿ ಶಾಲೆಯ ಕಾರಣದಿಂದ ವಿಳಂಬವಾದರೆ ಊಟ ವಸತಿಯ ಹೆಚ್ಚುವರಿ ಖರ್ಚು ಯಾರದು? ಹೆಚ್ಚುವರಿ ಹಾರಾಟದ ಗಂಟೆಗಳು ಬೇಕಾದರೆ ಗಂಟೆಗೆ ಎಷ್ಟು? ಷರತ್ತುಬದ್ಧ ಪತ್ರದಲ್ಲಿರುವ ಷರತ್ತುಗಳು ಯಾವುವು? ಇಂಗ್ಲಿಷಿನ ಒಪ್ಪಂದವನ್ನು ಪರಿಚಿತ ವಕೀಲರಿಂದ ಕನ್ನಡದಲ್ಲಿ ಓದಿಸಿ ಕೇಳಬೇಕು. ತರಬೇತಿ ಶಾಲೆಗಳ ಅಧಿಕೃತ ಪಟ್ಟಿ ಡಿಜಿಸಿಎ ಜಾಲತಾಣದಲ್ಲಿದೆ; 2025ರಿಂದ ಆ ಶಾಲೆಗಳಿಗೆ ಶ್ರೇಣಿ ನೀಡುವ ಕ್ರಮವೂ ಆರಂಭವಾಗಿದೆ. ಪಟ್ಟಿಯಲ್ಲಿಲ್ಲದ ಶಾಲೆ, ಆಯ್ಕೆಯ ಖಾತರಿ ಕೊಡುವ ಮಧ್ಯವರ್ತಿ, ವ್ಯಕ್ತಿಯ ಖಾಸಗಿ ಖಾತೆಗೆ ಹಣ ಕೇಳುವ ಕರೆ ಇವುಗಳಲ್ಲಿ ಒಂದು ಕಂಡರೂ ಹಿಂದೆ ಸರಿಯುವುದು ಸರಿ.

ಕೋಟಿಗೆ ಕಡಿಮೆಯ ದಾರಿಗಳು

ಕೆಡೆಟ್ ಯೋಜನೆಯೊಂದೇ ದಾರಿಯಲ್ಲ. ಅಭ್ಯರ್ಥಿಯೇ ನೇರವಾಗಿ ತರಬೇತಿ ಶಾಲೆಗೆ ಸೇರಿ ಪರವಾನಗಿ ಪಡೆಯಬಹುದು. ಖರ್ಚು ಗಣನೀಯವಾಗಿ ಕಡಿಮೆ, ಆದರೆ ಕೆಲಸ ತಾನೇ ಹುಡುಕಿಕೊಳ್ಳಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆಯಿದೆ. ಕಲಬುರಗಿ, ಬೆಳಗಾವಿ ನಿಲ್ದಾಣಗಳಲ್ಲಿ ತರಬೇತಿ ಸಂಸ್ಥೆಗಳಿಗೆ ಕೇಂದ್ರವು ಸ್ಥಳ ನೀಡಿದೆ. ಕೇಂದ್ರ ಸರ್ಕಾರದ ಅಧೀನದಲ್ಲಿ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಪ್ರವೇಶ ಪರೀಕ್ಷೆಯ ಮೂಲಕ ವಿದ್ಯಾರ್ಥಿಗಳನ್ನು ಆರಿಸುತ್ತದೆ; ಅಲ್ಲಿ ಮೀಸಲಾತಿಯೂ ಇದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ವಾಣಿಜ್ಯ ಪೈಲಟ್ ಕೋರ್ಸನ್ನು ಮೊದಲ ಗುಂಪಿಗೆ ಸೇರಿಸಲಾಗಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಅರ್ಹ ಕುಟುಂಬಗಳು ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದಿಟ್ಟುಕೊಳ್ಳಬೇಕು.

ಹಣವಿಲ್ಲದ, ಆದರೆ ದೇಹ, ಬುದ್ಧಿ ಎರಡೂ ಗಟ್ಟಿಯಿರುವ ಮಗುವಿಗೆ ವಾಯುಪಡೆಯ ದಾರಿ ಎಲ್ಲಕ್ಕಿಂತ ಉತ್ತಮ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಯನ್ನು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದ ನಡುವಿನವರು, ಈಗ ಹೆಣ್ಣುಮಕ್ಕಳೂ, ಬರೆಯಬಹುದು. ತರಬೇತಿಯ ಖರ್ಚು ಪೂರ್ಣ ಸರ್ಕಾರದ್ದು. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳು ಮಕ್ಕಳನ್ನು ಈ ಪರೀಕ್ಷೆಗೆಂದೇ ಸಿದ್ಧಪಡಿಸುತ್ತವೆ. ಆಯ್ಕೆ ಕಠಿಣ. ಆದರೆ ಸೋತರೂ ಕುಟುಂಬದ ಒಂದು ಗುಂಟೆ ಜಮೀನೂ ಹೋಗುವುದಿಲ್ಲ, ಆ ಓದು ಕೆಡೆಟ್ ಪರೀಕ್ಷೆಗೂ ನೆರವಾಗುತ್ತದೆ.

ಬಣ್ಣದ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರಿಗೂ ವಿಮಾನಯಾನ ಕ್ಷೇತ್ರ ಪೂರ್ತಿ ಮುಚ್ಚಿಲ್ಲ. ನಿಲ್ದಾಣಗಳ ಆಡಳಿತ, ಸರಕು ಸಾಗಣೆ, ಸಂಸ್ಥೆಗಳ ಕಚೇರಿ ಕೆಲಸಗಳಿವೆ. ದೃಷ್ಟಿ, ಶ್ರವಣ ಸರಿಯಿರುವ ವಿಜ್ಞಾನ ಪದವೀಧರರು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುವ ಪರೀಕ್ಷೆ ಬರೆದು ವಾಯು ಸಂಚಾರ ನಿಯಂತ್ರಕರಾಗಬಹುದು. ಅಲ್ಲಿ ಕಲಿಯುವಾಗಲೇ ಸಂಬಳ ದೊರೆಯುತ್ತದೆ. ಹತ್ತನೆಯ ತರಗತಿ ಮುಗಿಸಿ 18 ವರ್ಷ ತುಂಬಿದವರು ಡ್ರೋನ್ ಹಾರಾಟದ ಪ್ರಮಾಣಪತ್ರ ಪಡೆದು ಹೊಲಗಳಿಗೆ ಔಷಧ ಸಿಂಪಡಿಸುವ ಕೆಲಸ ಆರಂಭಿಸಬಹುದು. ಸ್ವಸಹಾಯ ಸಂಘಗಳ ಮಹಿಳೆಯರಿಗೆ ನಮೋ ಡ್ರೋನ್ ದೀದಿ ಯೋಜನೆಯಡಿ ಇದಕ್ಕೆ ನೆರವೂ ಇದೆ. ಆ ವಿಷಯದಲ್ಲಿ ಕೃಷಿ ಇಲಾಖೆ ಹಾಗೂ ಸಂಜೀವಿನಿ ಒಕ್ಕೂಟದ ಸಿಬ್ಬಂದಿಯನ್ನು ಸಂಪರ್ಕಿಸುವಂತೆ ಸದಸ್ಯರು ತಮ್ಮ ವಾರ್ಡಿನ ಯುವಜನರಿಗೆ ತಿಳಿಸಬಹುದು.